ತೆಳು ವೆನಿಯರ್ ಎಷ್ಟು ವರ್ಷ ತಾಳುತ್ತದೆ? ಹುಬ್ಬಳ್ಳಿಯ ದಂತವೈದ್ಯನೊಬ್ಬನ ಅನುಭವ

ವೆನಿಯರ್ (ಚಂದ ಕಾಣಲೆಂದು ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಪದರ) ಬೇಕೆಂದು ನನ್ನ ದವಾಖಾನೆಗೆ ಬರುವವರು ಈಗೀಗ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡೇ ಬರುತ್ತಾರೆ. "ಡಾಕ್ಟರ್, ಹಲ್ಲು ಕೊರೀಬ್ಯಾಡ್ರಿ. ಉಗುರಿನ ಮ್ಯಾಲೆ ಅಂಟಿಸಿದಂಗ ಅಂಟಿಸಿಬಿಡ್ರಿ ಸಾಕು" ಅನ್ನುತ್ತಾರೆ. ಕೊರೆಯಬಾರದು ಎನ್ನುವುದರಲ್ಲಿ ನಮ್ಮಿಬ್ಬರದೂ ಒಂದೇ ಮಾತು. ಆದರೆ ಹಾಗೆ ಅಂಟಿಸಲು ಒಪ್ಪುವ ಹಲ್ಲು ಎಲ್ಲರ ಬಾಯಲ್ಲೂ ಇರುವುದಿಲ್ಲ. ಲಗ್ನ ಹತ್ತು ದಿನ ಇರುವಾಗ ಬಂದವರಿಗೆ ಇದನ್ನು ತಿಳಿಸಿ ಹೇಳುವುದು ಇನ್ನೂ ಕಷ್ಟ.

ಹಳೆಯ ಪದ್ಧತಿಯಲ್ಲಿ ಹಲ್ಲಿನ ಮುಂಭಾಗವನ್ನು 0.5ರಿಂದ 0.7 ಮಿ.ಮೀ.ವರೆಗೆ ತೆಗೆಯುತ್ತಿದ್ದೆವು. ತೆಳು ವೆನಿಯರ್‌ನಲ್ಲಿ 0.3 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. ಕೆಲವೊಮ್ಮೆ ಮೇಲ್ಮೈಯನ್ನು ಒರಟು ಮಾಡಿದರೂ ಸಾಕು. ಮೇಲಿನ ನಡು ಹಲ್ಲಿನ ಎನಾಮೆಲ್, ಅಂದರೆ ಗಟ್ಟಿ ಹೊರಪದರ, ಅಂಚಿನ ಕಡೆ ಸುಮಾರು 1 ಮಿ.ಮೀ. ದಪ್ಪ ಇರುತ್ತದೆ. ಒಸಡಿನ ಹತ್ತಿರ ಅದು ಅರ್ಧಕ್ಕೂ ಇಳಿಯುತ್ತದೆ. ಅಲ್ಲಿ ಬರ್ (ಹಲ್ಲು ಕೊರೆಯುವ ಮೊನೆ) ಸ್ವಲ್ಪ ಜಾಸ್ತಿ ಒತ್ತಿದರೂ ಎನಾಮೆಲ್ ಕೆಳಗಿನ ಮೆದು ಪದರ ಡೆಂಟಿನ್ ಬಂತು. ಎನಾಮೆಲ್‌ಗೆ ಆಸಿಡ್ ಹಚ್ಚಿದರೆ ರಾಳ (ಅಂಟಿನಂಥ ರೆಸಿನ್) ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಮೆರಿಕದ ದಂತವೈದ್ಯ ಮೈಕೆಲ್ ಬುವನಕೋರ್ ತೋರಿಸಿದ್ದು 1955ರಲ್ಲಿ. ಪಿಂಗಾಣಿಗೂ ಆಸಿಡ್ ಹಚ್ಚಿ ಹಿಡಿತ ಹೆಚ್ಚಿಸಬಹುದು ಎಂದು ಸಂಶೋಧಕರಾದ ಸೈಮನ್ಸನ್ ಮತ್ತು ಕಲಾಮಿಯಾ 1983ರಲ್ಲಿ ತೋರಿಸಿದರು. ಇವತ್ತಿನ ಇಡೀ ವೆನಿಯರ್ ಕೆಲಸ ಈ ಎರಡರ ಮೇಲೆ ನಿಂತಿದೆ. ಲ್ಯಾಬಿನಿಂದ ಬಂದ 0.3 ಮಿ.ಮೀ. ಪದರವನ್ನು ಬೆರಳಲ್ಲಿ ಸ್ವಲ್ಪ ಬಿಗಿಯಾಗಿ ಹಿಡಿದರೂ ಚಟ್ಟನೆ ಮುರಿಯುತ್ತದೆ. ಅದೇ ಪದರ ಎನಾಮೆಲ್‌ಗೆ ಅಂಟಿದ ಮೇಲೆ ಊಟ, ತಿಂಡಿ ಎಲ್ಲವನ್ನೂ ತಾಳುತ್ತದೆ. "ಎಷ್ಟು ವರ್ಷ ಬರುತ್ತದೆ" ಎಂದು ಕೇಳಿದವರ ಬಾಯಲ್ಲಿ ನಾನು ಮೊದಲು ನೋಡುವುದು ಎನಾಮೆಲ್ ಎಷ್ಟು ಉಳಿದಿದೆ ಎಂಬುದನ್ನೇ.

ಹಲ್ಲುಗಳ ನಡುವೆ ಸಂದು ಇದ್ದವರು, ಬದಿಯ ಹಲ್ಲು ಚಿಕ್ಕದಾಗಿ ಮೊಳೆಯಂತೆ ಉಳಿದವರು, ಹಲ್ಲು ತುಸು ಒಳಗೆ ವಾಲಿದವರು ಬಂದರೆ ನಾನು ಧೈರ್ಯವಾಗಿ ಒಪ್ಪುತ್ತೇನೆ. ಅಂಥವರ ಹಲ್ಲಿಗೆ ಸೇರಿಸಬೇಕೇ ಹೊರತು ತೆಗೆಯಬೇಕಿಲ್ಲ. ಮುಂದೆ ಚಾಚಿದ ಹಲ್ಲಿನ ಮೇಲೆ ಇನ್ನೊಂದು ಪದರ ಕೂಡಿಸಿದರೆ ತುಟಿ ಉಬ್ಬುತ್ತದೆ, ಒಸಡಿನ ಬಳಿ ಮೆಟ್ಟಿಲು ಬೀಳುತ್ತದೆ. ಆ ಮೆಟ್ಟಿಲಿನಡಿ ಬ್ರಷ್ ಹೋಗುವುದಿಲ್ಲ, ಪಾಚಿ ಕೂಡುತ್ತದೆ, ಒಸಡು ಕೆಂಪಾಗಿ ರಕ್ತ ಒಸರುತ್ತದೆ. ನನ್ನ ಪ್ರಕಾರ ಕೊರೆಯದ ವೆನಿಯರ್‌ನ ದೊಡ್ಡ ಅಡ್ಡಪರಿಣಾಮ ಇದೇ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಇಂಥವರನ್ನು ಮೊದಲು ತಂತಿ ಹಾಕಿಸಿಕೊಳ್ಳಲು ಕಳಿಸುತ್ತೇನೆ.

ಒಪ್ಪಿದ ಮೇಲೆ ಮಾಡೆಲ್ ಮೇಲೆ ಮೇಣದಲ್ಲಿ ಆಕಾರ ಕಟ್ಟಿಸುತ್ತೇನೆ. ಅದರ ಸಿಲಿಕೋನ್ ಅಚ್ಚಿನಲ್ಲಿ ತಾತ್ಕಾಲಿಕ ರಾಳ ತುಂಬಿ ಬಾಯಲ್ಲೇ ಕೂಡಿಸಿ ಕನ್ನಡಿ ಕೊಡುತ್ತೇನೆ. "ಫೋನು, ಫ್ಯಾನು, ಫರಕು" ಅನ್ನಿ ಎಂದು ಹೇಳುತ್ತೇನೆ. ಮೇಲಿನ ಅಂಚು ಕೆಳತುಟಿಯ ಒದ್ದೆ ಗೆರೆಗೆ ಸರಿಯಾಗಿ ತಾಗದಿದ್ದರೆ ಶಬ್ದದಲ್ಲೇ ಗೊತ್ತಾಗುತ್ತದೆ. ಆಮೇಲೆ ಆ ತಾತ್ಕಾಲಿಕ ಪದರದ ಮೂಲಕವೇ ಆಳದ ಗುರುತು ಹಾಕುವ ಬರ್ ಓಡಿಸುತ್ತೇನೆ. ಆಗ ಹೊಸ ಆಕಾರಕ್ಕೆ ಅಡ್ಡ ಬರುವ ಕಡೆ ಮಾತ್ರ ಎನಾಮೆಲ್ ತೆಗೆಯುವ ಪ್ರಮೇಯ ಬರುತ್ತದೆ. ಎಷ್ಟೋ ಹಲ್ಲಿಗೆ ಬರ್ ತಾಗುವುದೇ ಇಲ್ಲ.

ನಮ್ಮ ಕಡೆಯ ನಿಜವಾದ ಸವಾಲು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕೆಡುವುದು. ಗದಗ ಜಿಲ್ಲೆಯ ಮುಂಡರಗಿ ಕಡೆಯಿಂದ ಬರುವ ಹುಡುಗ ಹುಡುಗಿಯರ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ. ಹಲ್ಲು ಒಳಗೆ ಬೆಳೆಯುವ ಎಳೆ ವಯಸ್ಸಿನಲ್ಲಿ ಕುಡಿದ ಬೋರ್‌ವೆಲ್ ನೀರಿನ ಗುರುತು ಅದು. ಎಷ್ಟು ಉಜ್ಜಿದರೂ ಹೋಗದು. ಇಂಥ ಹಲ್ಲಿನ ಹೊರಪದರ ಆಸಿಡ್‌ಗೆ ಬೇಗ ಬಗ್ಗುವುದಿಲ್ಲ, ಅದರ ಕೆಳಗೆ ಮಾತ್ರ ಎನಾಮೆಲ್ ಟೊಳ್ಳು. ಸಾಮಾನ್ಯ ಹಲ್ಲಿಗೆ 37% ಫಾಸ್ಫರಿಕ್ ಆಸಿಡ್ 30 ಸೆಕೆಂಡ್ ಸಾಕಾದರೆ ಇಲ್ಲಿ ನಾನು ಒಂದು ನಿಮಿಷ, ಬೇಕಾದರೆ ಇನ್ನೂ ಹೆಚ್ಚು ಬಿಡುತ್ತೇನೆ. ತೊಳೆದು ಒಣಗಿಸಿದಾಗ ಇಡೀ ಮೇಲ್ಮೈ ಮಂಜು ಕಟ್ಟಿದಂತೆ ಬೆಳ್ಳಗೆ ಕಾಣಬೇಕು. ಹೊಳಪು ಉಳಿದ ಕಡೆ ಮತ್ತೊಮ್ಮೆ ಆಸಿಡ್.

ಇನ್ನೊಂದು ತೊಡಕು ಬಣ್ಣದ್ದು. 0.3 ಮಿ.ಮೀ. ಸೆರಾಮಿಕ್‌ನಲ್ಲಿ (ಪಿಂಗಾಣಿಯಲ್ಲಿ) ಒಳಗಿನ ಕಂದು ಹಾಗೇ ಹೊಳೆಯುತ್ತದೆ. ಅದನ್ನು ಮುಚ್ಚಲು ದಪ್ಪ ಪದರ ಬೇಕು, ದಪ್ಪಕ್ಕೆ ಜಾಗ ಬೇಕು, ಜಾಗ ಬೇಕೆಂದರೆ ಕೊರೆಯಬೇಕು! ಅದಕ್ಕೇ ಮೊದಲು ಬ್ಲೀಚಿಂಗ್, ಮೈಕ್ರೋ ಅಬ್ರೇಷನ್ (ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುವುದು), ರಾಳ ಇಂಗಿಸುವ ಚಿಕಿತ್ಸೆ ಮಾಡಿ ನೋಡುತ್ತೇನೆ. ಬ್ಲೀಚಿಂಗ್ ಮುಗಿದ ಮೇಲೆ ಎರಡು ವಾರ ಏನನ್ನೂ ಅಂಟಿಸುವುದಿಲ್ಲ, ಉಳಿದ ಆಮ್ಲಜನಕ ಅಂಟಿನ ಹಿಡಿತ ಕೆಡಿಸುತ್ತದೆ. ಅಷ್ಟರಲ್ಲಿ ಕೆಲವರು ಕನ್ನಡಿ ನೋಡಿಕೊಂಡು "ಇಷ್ಟಾದ್ರ ಸಾಕ್ರಿ" ಎಂದು ವೆನಿಯರ್ ಮಾತು ಬಿಟ್ಟುಬಿಡುತ್ತಾರೆ. ನನಗೆ ದುಡ್ಡು ಕಡಿಮೆ ಬರುತ್ತದೆ, ಅವರಿಗೆ ಹಲ್ಲು ಉಳಿಯುತ್ತದೆ.

ಅಂಟಿಸುವ ದಿನ ಬೇರೆ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳುವುದಿಲ್ಲ. ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ಹಾಳೆ ಕಟ್ಟುತ್ತೇನೆ. ವೆನಿಯರ್ ಲಿಥಿಯಂ ಡೈಸಿಲಿಕೇಟ್ ಎಂಬ ಬಗೆಯ ಸೆರಾಮಿಕ್‌ನದಾದರೆ ಅದರ ಒಳಮೈಗೆ 5% ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡ್, ತೊಳೆದು ಸೈಲೇನ್ (ಅಂಟು ಹಿಡಿಯಲು ನೆರವಾಗುವ ದ್ರವ). ಅಂಟಿಸುವ ಸಿಮೆಂಟು ಬೆಳಕಿಗೆ ಮಾತ್ರ ಗಟ್ಟಿಯಾಗುವಂಥದ್ದು. ತಾನಾಗಿಯೂ ಗಟ್ಟಿಯಾಗುವ ಬಗೆಯವು ಹಲವು ಕಾಲಾಂತರದಲ್ಲಿ ಹಳದಿಗೆ ತಿರುಗುತ್ತವೆ, ತೆಳು ಪದರದಲ್ಲಿ ಅದು ಎದ್ದು ಕಾಣುತ್ತದೆ. ಕೂಡಿಸಿ ಒಂದೆರಡು ಸೆಕೆಂಡ್ ಬೆಳಕು ಕೊಟ್ಟಾಗ ಹೊರಬಂದ ಸಿಮೆಂಟು ಮೆತ್ತಗೇ ಇರುತ್ತದೆ; ಆಗಲೇ ಅದನ್ನು ಎಬ್ಬಿಸಿ, ಸಂದಿಗೆ ದಾರ ಎಳೆದು, ಪೂರ್ತಿ ಗಟ್ಟಿಮಾಡಿದ ಮೇಲೆ 12ನೇ ನಂಬರಿನ ಬ್ಲೇಡಿನಲ್ಲಿ ಒಸಡಿನಂಚು ಕೆರೆಯುತ್ತೇನೆ. ಅಲ್ಲಿ ಉಳಿದ ಒಂದು ಚೂರು ಸಿಮೆಂಟು ವರ್ಷಗಟ್ಟಲೆ ರಕ್ತ ತರಿಸಬಲ್ಲದು.

ಇನ್ನು ಬಾಳಿಕೆ. ಎನಾಮೆಲ್‌ಗೆ ಸರಿಯಾಗಿ ಅಂಟಿದ ಪಿಂಗಾಣಿ ವೆನಿಯರ್‌ಗಳಲ್ಲಿ 90%ಗಿಂತ ಹೆಚ್ಚು ಹತ್ತು ವರ್ಷ ದಾಟುತ್ತವೆ ಎಂಬುದು ದೀರ್ಘಕಾಲದ ಅಧ್ಯಯನಗಳಲ್ಲಿ ಕಂಡದ್ದು. ಡೆಂಟಿನ್ ತೆರೆದುಕೊಂಡಿದ್ದರೆ ಬಾಳಿಕೆ ಇಳಿಯುತ್ತದೆ. ಕೆಟ್ಟು ನನ್ನ ಹತ್ತಿರ ವಾಪಸು ಬರುವುದರಲ್ಲಿ ಹೆಚ್ಚಿನವು ಅಂಚು ಸಿಡಿದವು, ಅದರಲ್ಲೂ ರಾತ್ರಿ ಹಲ್ಲು ಕಡಿಯುವವರದು. ಅವರಿಗೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಹಾಕಿಕೊಳ್ಳುವುದು ಕಡ್ಡಾಯ, ಒಪ್ಪದಿದ್ದರೆ ವೆನಿಯರ್ ಇಲ್ಲ. ಪೂರ್ತಿ ಕಳಚಿ ಬಂದದ್ದು ಮುರಿಯದಿದ್ದರೆ ಶುಚಿಮಾಡಿ ಮತ್ತೆ ಅಂಟಿಸಬಹುದು, ಬಾಯಲ್ಲಿ ಸಡಿಲವಾಗಿದ್ದರೆ ನುಂಗದೆ ತೆಗೆದಿಟ್ಟು ತನ್ನಿ. ಮೊದಲ ಕೆಲವು ದಿನ ತಣ್ಣೀರಿಗೆ ಜುಂ ಎನ್ನುವುದು ಸಹಜ. ಬ್ಯಾಡಗಿ ಮೆಣಸಿನಕಾಯಿ, ಚಹಾ ಪಿಂಗಾಣಿಯ ಬಣ್ಣ ಕೆಡಿಸುವುದಿಲ್ಲ. ಆದರೆ ಎಲಿ ಅಡಿಕೆ, ಗುಟ್ಕಾ ಹಾಕುವವರಿಗೆ ಸಿಮೆಂಟಿನ ಗೆರೆಯುದ್ದಕ್ಕೂ ಕಂದು ದಾರ ಕೂಡುತ್ತದೆ. ಕಡಕ್ ರೊಟ್ಟಿ, ಕರದಂಟು ತಿನ್ನಿ, ಹಿಂದಿನ ಹಲ್ಲಿನಿಂದ. ಕಬ್ಬು ಮಾತ್ರ ಮುಂದಿನ ಹಲ್ಲಿನಲ್ಲಿ ಸಿಗಿಯಬೇಡಿ.

"ಬೇಡವಾದರೆ ತೆಗೆಸಿಬಿಡಬಹುದು" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ ಡೈಮಂಡ್ ಬರ್‌ನಿಂದ ಕೆರೆದೇ ತೆಗೆಯಬೇಕು. ಸೆರಾಮಿಕ್ ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಶುರುವಾಯಿತು ಎಂದು ಆ ನೀರಿನ ತುಂತುರಿನಲ್ಲಿ ಗುರುತಿಸುವುದು ಕಷ್ಟ, ಸ್ವಲ್ಪ ಎನಾಮೆಲ್ ಹೋಗಿಯೇ ಹೋಗುತ್ತದೆ. ಕೆಲವು ಬಗೆಯ ಲೇಸರ್‌ನಿಂದ ಸಡಿಲಿಸಬಹುದು, ಆದರೆ ಅದು ಎಲ್ಲ ದವಾಖಾನೆಯಲ್ಲೂ ಇರುವ ಉಪಕರಣವಲ್ಲ.

ಮುಗಿಸಿ ಕಳಿಸುವಾಗ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುತ್ತೇನೆ, ಹಾವೇರಿಗೋ ಬೆಂಗಳೂರಿಗೋ ಹೋಗಿ ಬೇರೆ ವೈದ್ಯರ ಬಳಿ ಹಲ್ಲು ಶುಚಿ ಮಾಡಿಸಿಕೊಳ್ಳುವವರು ತೋರಿಸಲಿ ಎಂದು. ಯಾವ ಹಲ್ಲಿಗೆ ವೆನಿಯರ್ ಇದೆ, ಅಂಚಿಗೆ ಅಲ್ಟ್ರಾಸಾನಿಕ್ ಸ್ಕೇಲರ್ (ಕಂಪನದಿಂದ ಹಲ್ಲು ಶುಚಿಮಾಡುವ ಯಂತ್ರ) ತಾಗಿಸಬೇಡಿ, ಆಮ್ಲದ ಫ್ಲೋರೈಡ್ ಜೆಲ್ ಪಿಂಗಾಣಿಯ ಹೊಳಪು ತಿನ್ನುತ್ತದೆ, ನ್ಯೂಟ್ರಲ್ ಸೋಡಿಯಂ ಫ್ಲೋರೈಡ್ ಬಳಸಿ ಎಂದು ಅದರಲ್ಲಿ ಬರೆದಿರುತ್ತದೆ.