ಕ್ಯಾಮೆರಾ ಹಾಕಿ ಫೋನಲ್ಲಿ ನೋಡೋದು ಹೇಗೆ

ಮೊದಲು ವೈರ್. ವೈಫೈ ಕ್ಯಾಮೆರಾ ಸುಲಭ ಅನ್ಸುತ್ತೆ, ಆದರೆ ಬ್ಯಾಟರಿಯದ್ದು ಬಿಟ್ಟರೆ ಅದಕ್ಕೂ ಕರೆಂಟ್ ವೈರ್ ಎಳೀಲೇಬೇಕಲ್ವಾ? ಅದರ ಬದಲು ಪಿಒಇ ಕ್ಯಾಮೆರಾ ತಗೊಳ್ಳಿ, ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ವಿಡಿಯೋನೂ ಹೋಗುತ್ತದೆ. ಕೇಬಲ್ 100 ಮೀಟರ್ ದಾಟಬಾರದು. ಪೂರ್ತಿ ತಾಮ್ರದ್ದೇ ಇರಲಿ, ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು ಬೇಡ.

ಕ್ಯಾಮೆರಾಗಳ ವಿಡಿಯೋ ಉಳಿಸೋ ರೆಕಾರ್ಡರ್‌ನ (ಎನ್‌ವಿಆರ್) ಡಿಸ್ಕ್ ಲೆಕ್ಕ ಹೀಗೆ: ಒಂದು ಕ್ಯಾಮೆರಾ 4 ಎಂಬಿಪಿಎಸ್‌ನಲ್ಲಿ ಇಡೀ ದಿನ ರೆಕಾರ್ಡ್ ಮಾಡಿದರೆ ಸುಮಾರು 43 ಜಿಬಿ. ನಾಲ್ಕು ಕ್ಯಾಮೆರಾ ಇದ್ದರೆ 2 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೇ ತುಂಬುತ್ತದೆ. ಎನ್‌ವಿಆರ್‌ಗೆ ಐಪಿ ವಿಳಾಸ ಬದಲಾಗದಂತೆ ರೌಟರ್‌ನಲ್ಲೇ ಕಾಯ್ದಿರಿಸಿ.

ಇನ್ನು ಹೊರಗಿಂದ ನೋಡೋದು. ಬಹಳ ಜನ ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದ್ರೆ ಹೊರಗಿಂದ ನೇರವಾಗಿ ರೆಕಾರ್ಡರ್‌ಗೆ ರೌಟರ್‌ನಲ್ಲಿ ದಾರಿ ತೆರೆಯಿರಿ ಅಂತಾರೆ, ನನ್ನ ಕೇಳಿದರೆ ಬೇಡವೇ ಬೇಡ, ಯಾಕಂದ್ರೆ ಲೋಕದಲ್ಲಿ ಯಾರು ಬೇಕಾದರೂ ಬಂದು ನಿಮ್ಮ ರೆಕಾರ್ಡರ್‌ನ ಲಾಗಿನ್ ಪುಟ ತಟ್ಟಬಹುದು. 2016ರ ಮಿರಾಯ್ ಅನ್ನೋ ಮಾಲ್‌ವೇರ್‌ನ ದಾಳಿ ನಡೆದದ್ದೂ ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕ್ಯಾಮೆರಾ, ರೆಕಾರ್ಡರ್‌ಗಳಂಥ ಸಾಧನಗಳಿಂದಲೇ. ಅದೂ ಅಲ್ಲದೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್‌ನಲ್ಲಿ ಹೊರಗೆ ಕಾಣೋ ವಿಳಾಸ) ಹಲವರಿಗೆ ಹಂಚಿದ್ದರೆ ಫಾರ್ವರ್ಡಿಂಗ್ ಕೆಲಸವೇ ಮಾಡಲ್ಲ, ಸುಮ್ನೆ ತಲೆ ಕೆಡಿಸ್ಕೊಳ್ಳೋದು ಅಷ್ಟೇ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತಯಾರಕರ ಆ್ಯಪ್‌ಗೆ ಸೇರಿಸೋದು ಸುಲಭದ ದಾರಿ, ಆದರೆ ಅವರ ಸರ್ವರ್ ನಂಬಬೇಕು. ನನ್ನ ಆಯ್ಕೆ ವಿಪಿಎನ್, ಅಂದ್ರೆ ಫೋನ್‌ನಿಂದ ಮನೆ ನೆಟ್‌ವರ್ಕ್‌ಗೆ ಒಂದು ಸುರಕ್ಷಿತ ಖಾಸಗಿ ದಾರಿ. ರೌಟರ್‌ನಲ್ಲಿ ವೈರ್‌ಗಾರ್ಡ್ ಅನ್ನೋ ವಿಪಿಎನ್ ಇದ್ದರೆ ಅದನ್ನು ಆನ್ ಮಾಡಿ, ಫೋನ್‌ಗೂ ಹಾಕಿಕೊಳ್ಳಿ. ಪಬ್ಲಿಕ್ ಐಪಿ ಸಿಗದಿದ್ದರೆ ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಸೇವೆ ನೋಡಿ.

ಚಿತ್ರ ತಡೆತಡೆದು ಬಂದರೆ ಮನೆ ಕನೆಕ್ಷನ್‌ನ ಅಪ್‌ಲೋಡ್ ವೇಗ ನೋಡಿ, ಡೌನ್‌ಲೋಡ್ ಅಲ್ಲ. ಫೋನ್‌ಗೆ ಸಬ್‌ಸ್ಟ್ರೀಮ್ (ಕ್ಯಾಮೆರಾ ಕೊಡೋ ಕಡಿಮೆ ಗುಣಮಟ್ಟದ ಎರಡನೇ ವಿಡಿಯೋ) ಸಾಕು.