ಉಚಿತ ಇ-ಪುಸ್ತಕಗಳಲ್ಲಿ ವಿಲಕ್ಷಣ ಕಥೆಗಳನ್ನು ಹುಡುಕುವುದು ಹೇಗೆ?

ಕನಸಿನ ತರ್ಕದಲ್ಲಿ ನಡೆಯುವ, ಓದಿ ಮುಗಿಸಿದ ಮೇಲೂ ಅರ್ಧ ಅರ್ಥವಾಗದೆ ಕಾಡುವ ಕಥೆಗಳನ್ನು ಅರಸಿ ಹೊರಟವರಲ್ಲಿ ಹೆಚ್ಚಿನವರು ಮೊದಲ ಹೆಜ್ಜೆಯಲ್ಲೇ ಎಡವುವುದನ್ನು ನಾನು ನೋಡಿದ್ದೇನೆ. ಉಚಿತ ಪುಸ್ತಕಗಳ ತಾಣವೊಂದನ್ನು ತೆರೆದು, ಹುಡುಕುವ ಜಾಗದಲ್ಲಿ ‘ಸರ್ರಿಯಲ್’ (ಅತಿವಾಸ್ತವ) ಎಂದು ಟೈಪಿಸಿ, ಕೆಲಸಕ್ಕೆ ಬಾರದ ನಾಲ್ಕಾರು ಫಲಿತಾಂಶಗಳನ್ನು ಕಂಡು, ಇಲ್ಲೇನೂ ಇಲ್ಲವೆಂದು ಮುಚ್ಚಿಬಿಡುತ್ತಾರೆ. ಪುಸ್ತಕಗಳು ಅಲ್ಲೇ ಇರುತ್ತವೆ, ಆದರೆ ಬೇರೆ ಹೆಸರಿನಲ್ಲಿ ಇರುತ್ತವೆ.

ಮೊದಲು ತಾಣವನ್ನು ಆರಿಸಿಕೊಳ್ಳಿ. 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಸಾಕು; ಅಂದವಾದ ಅಕ್ಷರಜೋಡಣೆ ಬೇಕೆನ್ನುವವರಿಗೆ ಸ್ಟ್ಯಾಂಡರ್ಡ್ ಇಬುಕ್ಸ್ ಇದೆ. ಖಾತೆ ತೆರೆಯಿರಿ, ಕಾರ್ಡಿನ ಸಂಖ್ಯೆ ಕೊಡಿ ಎಂದು ಕೇಳುವ ‘ಉಚಿತ’ ತಾಣಗಳನ್ನೂ, ಇವೇ ಪುಸ್ತಕಗಳ ನಡುವೆ ಜಾಹೀರಾತು ತುರುಕಿ ಹಂಚುವ ಆ್ಯಪ್‌ಗಳನ್ನೂ ದೂರವಿಡಿ.

ಎರಡನೆಯದು ಹುಡುಕಾಟ. ಕಷ್ಟವಿರುವುದು ಇಲ್ಲಿಯೇ. ಗುಟೆನ್‌ಬರ್ಗ್ ಅಮೆರಿಕದ ಕೃತಿಸ್ವಾಮ್ಯ ಕಾನೂನನ್ನು ಅನುಸರಿಸುತ್ತದೆ. ಅಲ್ಲಿ ಹಳೆಯ ಪ್ರಕಟಿತ ಕೃತಿಗಳಿಗೆ ಗರಿಷ್ಠ 95 ವರ್ಷಗಳ ರಕ್ಷಣೆ ಇರುವುದರಿಂದ, ಸಿಗುವ ಪುಸ್ತಕಗಳಲ್ಲಿ ಬಹುಪಾಲು ಅದಕ್ಕಿಂತ ಹಿಂದಿನವು. ‘ಸರ್ರಿಯಲ್’ ಎಂಬ ಮಾತನ್ನು ಫ್ರೆಂಚ್ ಕವಿ ಅಪೊಲಿನೇರ್ ಬಳಕೆಗೆ ತಂದದ್ದು 1917ರಲ್ಲಿ, ಫ್ರೆಂಚ್ ಲೇಖಕ ಆಂದ್ರೆ ಬ್ರೆತೋನ್ ಆ ಹೆಸರಿನ ಸಾಹಿತ್ಯ-ಕಲಾ ಪಂಥದ ಪ್ರಣಾಳಿಕೆ ಹೊರಡಿಸಿದ್ದು 1924ರಲ್ಲಿ. ಅದಕ್ಕೂ ಮುಂಚಿನ ಲೇಖಕರು ತಮ್ಮ ಕಥೆಗಳಿಗೆ ಆ ಹಣೆಪಟ್ಟಿ ಹಚ್ಚಿರಲು ಸಾಧ್ಯವಿಲ್ಲ. ಸೂಚಿ ತಯಾರಿಸಿದವರು ಅವನ್ನು ವೈಜ್ಞಾನಿಕ ಕಥೆ, ಭೀತಿಕಥೆ, ಮಕ್ಕಳ ಸಾಹಿತ್ಯ ಎಂದು ಹಂಚಿಟ್ಟಿದ್ದಾರೆ. ಹೀಗಾಗಿ ಡೇವಿಡ್ ಲಿಂಡ್ಸೆಯ ‘ಎ ವಾಯೇಜ್ ಟು ಆರ್ಕ್ಟುರಸ್’ (1920) ವೈಜ್ಞಾನಿಕ ಕಥೆಗಳ ಸಾಲಿನಲ್ಲಿ ಕುಳಿತಿದೆ. ಅನ್ಯಗ್ರಹ ಪ್ರಯಾಣವೆಂದು ಅದನ್ನು ತೆರೆದವನಿಗೆ ಸಿಗುವುದು, ಮೈಯಲ್ಲಿ ಹೊಸ ಹೊಸ ಇಂದ್ರಿಯಗಳು ಮೊಳೆತು, ಅವುಗಳೊಂದಿಗೆ ಲೋಕವೇ ಬೇರೆಯಾಗಿ ಕಾಣತೊಡಗುವ ಮನುಷ್ಯನ ಕಥೆ.

ಆದ್ದರಿಂದ ಪ್ರಕಾರದ ಹೆಸರನ್ನು ಬಿಟ್ಟು, ನಿಮಗೆ ಈಗಾಗಲೇ ಹಿಡಿಸಿದ ಒಂದೇ ಒಂದು ಪುಸ್ತಕದಿಂದ ಹೊರಡಿ. ಕಾಫ್ಕಾನ ‘ಮೆಟಮಾರ್ಫಸಿಸ್’ ಎಂದಿಟ್ಟುಕೊಳ್ಳೋಣ. ಗುಟೆನ್‌ಬರ್ಗ್‌ನಲ್ಲಿ ಆ ಪುಸ್ತಕದ ಪುಟದ ಕೆಳಭಾಗದಲ್ಲಿ ಗ್ರಂಥಪಾಲಕರ ಪದ್ಧತಿಯ ವಿಷಯ ಶೀರ್ಷಿಕೆಗಳಿರುತ್ತವೆ; ಅವುಗಳಲ್ಲಿ ರೂಪಾಂತರದ ಕಥೆಗಳು ಎಂಬರ್ಥದ್ದೂ ಒಂದು. ಅದನ್ನು ಒತ್ತಿದರೆ ಅದೇ ಶೀರ್ಷಿಕೆಯಡಿ ಸೇರಿದ ಉಳಿದ ಪುಸ್ತಕಗಳು ತೆರೆದುಕೊಳ್ಳುತ್ತವೆ. ಆ ಪಟ್ಟಿಯಿಂದ ಒಂದನ್ನು ಆರಿಸಿ, ಅದರ ಶೀರ್ಷಿಕೆಗಳನ್ನು ಒತ್ತಿ, ಹೀಗೆ ಮೂರು ನಾಲ್ಕು ಸುತ್ತು ನಡೆಯಿರಿ. ಉಪಶೀರ್ಷಿಕೆಗಳನ್ನು ತಪ್ಪದೆ ಓದಿ: ಚೆಸ್ಟರ್ಟನ್‌ನ ‘ದ ಮ್ಯಾನ್ ಹೂ ವಾಸ್ ಥರ್ಸ್‌ಡೇ’ (1908) ಮೇಲ್ನೋಟಕ್ಕೆ ಪತ್ತೇದಾರಿ ಕಾದಂಬರಿಯಂತಿದ್ದರೂ ಅದರ ಉಪಶೀರ್ಷಿಕೆ ‘ಒಂದು ದುಃಸ್ವಪ್ನ’ ಎಂದೇ ಇದೆ.

ಇನ್ನೂ ಒಂದು ತೊಡಕಿದೆ. ಅತ್ಯುತ್ತಮ ವಿಲಕ್ಷಣ ಕಥೆಗಳಲ್ಲಿ ಅನೇಕವು ಸಣ್ಣಕಥೆಗಳಾಗಿದ್ದು, ಸಂಕಲನಗಳ ಒಳಗೆ ಅಡಗಿವೆ. ಉಪಾಹಾರದ ರೊಟ್ಟಿಯಲ್ಲಿ ಕ್ಷೌರಿಕನಿಗೆ ಮೂಗೊಂದು ಸಿಗುವ, ಆ ಮೂಗೇ ಅಧಿಕಾರಿಯ ಸಮವಸ್ತ್ರ ತೊಟ್ಟು ಊರೆಲ್ಲ ಅಡ್ಡಾಡುವ ಗೊಗೊಲ್‌ನ 1836ರ ಕಥೆ ಗುಟೆನ್‌ಬರ್ಗ್‌ನಲ್ಲಿ ‘ದ ಮ್ಯಾಂಟಲ್ ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಸಂಪುಟದಲ್ಲಿದೆ. ಸಂಪುಟದ ಹೆಸರಿನಲ್ಲಿ ಮೂಗಿನ ಸುಳಿವೇ ಇಲ್ಲ. ಹೀಗಾಗಿ ಕಥೆಯ ಹೆಸರಿನಿಂದಲ್ಲ, ಲೇಖಕನ ಹೆಸರಿನಿಂದ ಹುಡುಕಿ, ಪ್ರತಿ ಸಂಕಲನದ ಪರಿವಿಡಿಯನ್ನು ಬ್ರೌಸರಿನಲ್ಲೇ ತೆರೆದು ನೋಡಿ. ಬೇಸರದ ಕೆಲಸ, ನಿಜ, ಆದರೆ ‘ಓದಲೇಬೇಕಾದ ಹತ್ತು ಪುಸ್ತಕಗಳು’ ಬಗೆಯ ಪಟ್ಟಿಗಳನ್ನು ನಂಬಿದರೆ ಎಲ್ಲರೂ ಓದಿದ ಅದೇ ಹತ್ತನ್ನು ನೀವೂ ಓದುತ್ತೀರಿ.

ಮೂರನೆಯದಾಗಿ, ಅನುವಾದವನ್ನು ಪರೀಕ್ಷಿಸಿ. ಮೂಲ ಕೃತಿ ಮುಕ್ತವಾಗಿದ್ದರೂ ಅನುವಾದಕ್ಕೆ ಪ್ರತ್ಯೇಕ ಹಕ್ಕು ಇರುವುದರಿಂದ, ಉಚಿತವಾಗಿ ಸಿಗುವವುಗಳಲ್ಲಿ ಹಳೆಯ ಅನುವಾದಗಳೇ ಹೆಚ್ಚು. ಒಂದಕ್ಕಿಂತ ಹೆಚ್ಚು ಅನುವಾದ ಸಿಕ್ಕರೆ ಮೊದಲ ಪುಟಗಳನ್ನು ಹೋಲಿಸಿ. ವಿಚಿತ್ರವಾದುದನ್ನು ತಣ್ಣಗೆ, ಸರ್ಕಾರಿ ವರದಿಯ ಧಾಟಿಯಲ್ಲಿ ಹೇಳುವ ಅನುವಾದವನ್ನೇ ಆರಿಸಿ. ಅಲಂಕಾರ ಹೆಚ್ಚಾದಷ್ಟೂ ಇಂಥ ಕಥೆಗಳ ಹೆದರಿಕೆ ಕರಗುತ್ತದೆ. ‘ಮೆಟಮಾರ್ಫಸಿಸ್’ನ ನಾಯಕ ಸಾಮ್ಸಾ ಏನಾಗಿ ಮಾರ್ಪಟ್ಟನೆಂಬುದಕ್ಕೆ ಕಾಫ್ಕಾ ಬಳಸಿದ ಜರ್ಮನ್ ಪದ ಯಾವುದೇ ನಿರ್ದಿಷ್ಟ ಕೀಟದ ಹೆಸರಲ್ಲ. ಅದನ್ನು ‘ಜಿರಳೆ’ ಎಂದು ಖಚಿತಪಡಿಸುವ ಅನುವಾದ ಕಂಡರೆ ಮುಚ್ಚಿಡಿ.

ಇಳಿಸಿಕೊಳ್ಳುವುದು ಸುಲಭ: ಇಪಬ್ ಎಂಬ ಇ-ಪುಸ್ತಕದ ಕಡತರೂಪವನ್ನು ಆರಿಸಿ ಫೋನಿನ ಓದುವ ಆ್ಯಪ್‌ನಲ್ಲಿ ತೆರೆದರಾಯಿತು. ಸ್ಕ್ಯಾನ್ ಮಾಡಿದ ಪುಸ್ತಕಗಳನ್ನೂ ಇಟ್ಟಿರುವ ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಮಾತ್ರ ಎಚ್ಚರವಿರಲಿ. ಅಲ್ಲಿ ಸ್ಕ್ಯಾನ್ ಮಾಡಿದ ಪುಟಗಳಿಂದ ಯಂತ್ರವೇ ಓದಿ ತಯಾರಿಸಿದ ಇಪಬ್‌ಗಳನ್ನು ಸಾಮಾನ್ಯವಾಗಿ ಯಾರೂ ತಿದ್ದಿರುವುದಿಲ್ಲ. ಪದಗಳು ಮುರಿದು, ಪುಟಸಂಖ್ಯೆಗಳು ವಾಕ್ಯದ ನಡುವೆ ನುಸುಳಿರುತ್ತವೆ. ಈ ಬಗೆಯ ಸಾಹಿತ್ಯದಲ್ಲಿ ಅದು ವಿಶೇಷವಾಗಿ ಅಪಾಯಕಾರಿ, ಏಕೆಂದರೆ ವಾಕ್ಯವೊಂದು ಅಸಂಬದ್ಧವಾಗಿ ಕಂಡಾಗ ಅದು ಲೇಖಕನ ಉದ್ದೇಶವೋ ಯಂತ್ರದ ತಪ್ಪೋ ತಿಳಿಯುವುದಿಲ್ಲ. ಅನುಮಾನ ಬಂದಲ್ಲಿ ಅದೇ ಪುಟದ ಸ್ಕ್ಯಾನ್ ಚಿತ್ರವನ್ನು ತೆರೆದು ಹೋಲಿಸಿ ನೋಡಿ.