ಕಾವಲಿ, ಕರ್ಪೂರ, ಪೆನ್ಸಿಲ್ ಪುಡಿ

ದೋಸೆ ಹುಯ್ದು ಮುಗಿದ ಕೂಡಲೇ ಕಾದ ಕಾವಲಿಯನ್ನು ನಲ್ಲಿ ಕೆಳಗೆ ಹಿಡಿಯಬೇಡಿ. ಬೀಡು ಕಬ್ಬಿಣದ್ದಾದರೆ ಟಪ್ ಅಂತ ಸೀಳಬಹುದು. ಕಬ್ಬಿಣ ಅಲ್ವಾ, ಅದಕ್ಕೇನಾಗುತ್ತೆ ಅಂತೀರಿ. ಬಡಿದು ಮಾಡಿದ ಕಾವಲಿ ಕೈಜಾರಿ ಬಿದ್ದರೆ ನೆಗ್ಗುತ್ತದೆ ಅಷ್ಟೆ. ಲೋಹದಲ್ಲಿ ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಎಲ್ಲಾ ಕಡೆ ಓಡಾಡುತ್ತಾ ಇಡೀ ಗುಂಪನ್ನೇ ಹಿಡಿದಿರುತ್ತವೆ, ಒಂದು ಸಾಲು ಪಕ್ಕಕ್ಕೆ ಸರಿದರೂ ಹಿಡಿತ ತಪ್ಪುವುದಿಲ್ಲ. ಆದರೆ ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುತ್ತದೆ. ಅದರಲ್ಲಿ ಬಹುಪಾಲು ಗ್ರಾಫೈಟಿನ (ಪೆನ್ಸಿಲ್ ಕಡ್ಡಿಯಲ್ಲಿರುವ ಕಪ್ಪು ಇಂಗಾಲ) ತೆಳು ಚಕ್ಕೆಗಳಾಗಿ ಕಬ್ಬಿಣದ ನಡುವೆ ಕೂತಿರುತ್ತದೆ, ಬಿರುಕು ಹೊರಟರೆ ಆ ಚಕ್ಕೆಗಳ ದಾರಿಯನ್ನೇ ಹಿಡಿಯುತ್ತದೆ. ತಾನಾಗಿ ಆರಲಿ ಬಿಡಿ, ಆಮೇಲೆ ತೊಳೆದು ಒರೆಸಿ ಎಣ್ಣೆ ಸವರಿ.

ಇದೇ ಗ್ರಾಫೈಟು ಬಿಗಿಯಾದ ಬೀಗಕ್ಕೆ ಒಳ್ಳೆ ಮದ್ದು. ಕೊಬ್ಬರಿ ಎಣ್ಣೆ ಬಿಟ್ಟರೆ ಎರಡು ದಿನ ಚೆನ್ನಾಗಿರುತ್ತೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಮೆತ್ತನೆಯ ಪೆನ್ಸಿಲಿನ ಕಡ್ಡಿ ಕೆರೆದು ಪುಡಿಯನ್ನು ಕೀಲಿಕೈಗೆ ಉಜ್ಜಿ, ನಾಲ್ಕೈದು ಸಲ ತಿರುಗಿಸಿ. ಅದರ ಪದರಗಳು ಇಸ್ಪೀಟು ಎಲೆಗಳ ಹಾಗೆ ಒಂದರ ಮೇಲೊಂದು ಜಾರುತ್ತವೆ. ಪದರದ ಒಳಗೆ ಮಾತ್ರ ಭಾರಿ ಬಿಗಿ. ವಜ್ರವೂ ಇಂಗಾಲವೇ ನೋಡಿ, ಅಲ್ಲಿ ಪದರವೇ ಇಲ್ಲ, ಎಲ್ಲಾ ದಿಕ್ಕಿಗೂ ಬಿಗಿ.

ಕರ್ಪೂರದ ಡಬ್ಬಿಗೆ ಮೆಣಸಿನ ಕಾಳು ಹಾಕುವ ಪದ್ಧತಿ ಇದೆ, ಬೇಕಾದರೆ ಹಾಕಿ, ಆದರೆ ಮುಖ್ಯ ಬೇಕಾದದ್ದು ಗಟ್ಟಿ ಮುಚ್ಚಳ. ಕರ್ಪೂರದ ಅಣುಗಳ ನಡುವಿನ ಸೆಳೆತ ತೀರಾ ಕಮ್ಮಿ, ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಸಕ್ಕರೆಯ ಅಣುಗಳು ಅದಕ್ಕಿಂತ ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಆದರೂ ಬಾಣಲೆಯ ಬಿಸಿಗೆ ಕರಗಿ ಕೆಂಪಾಗುತ್ತದೆ.

ಉಪ್ಪು ಹಾಗಲ್ಲ. ಬರೀ ಬಿಸಿಗೆ ಅದು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಒಲೆಯ ಬಾಣಲೆಯಲ್ಲಿ ಆಗದ ಮಾತು. ಅದರೊಳಗೆ ಸೋಡಿಯಂ, ಕ್ಲೋರೈಡ್ ಒಂದನ್ನೊಂದು ಅಷ್ಟು ಜೋರಾಗಿ ಎಳೆದುಕೊಂಡಿರುತ್ತವೆ. ಆದರೆ ನೀರು ಸಿಕ್ಕರೆ ಸುಮ್ನೆ ಬಿಟ್ಟುಕೊಡುತ್ತವೆ. ಹಾಗೆ ಬಿಡಿಯಾದ ಕ್ಲೋರೈಡು ಸ್ಟೀಲಿಗೆ ಆಗದು, ಸ್ಟೀಲನ್ನು ಕಾಯುವ ತೆಳು ಪೊರೆಯನ್ನೇ ಅದು ಕೊರೆಯುತ್ತದೆ. ಪಾತ್ರೆಯ ತಳದಲ್ಲಿ ಸಣ್ಣ ಚುಕ್ಕೆ ಬಿದ್ದಿದ್ದರೆ ಕಾರಣ ಹೆಚ್ಚಾಗಿ ಇದೇ. ಕಲ್ಲುಪ್ಪು ಪಿಂಗಾಣಿ ಭರಣಿಯಲ್ಲಿರಲಿ. ಅಡುಗೆಗೆ ಹಾಕುವಾಗಲೂ ತಣ್ಣೀರಿಗೆ ಸುರಿದು ತಳದಲ್ಲಿ ಕೂರಲು ಬಿಡಬೇಡಿ, ನೀರು ಕುದಿ ಬಂದ ಮೇಲೆ ಹಾಕಿ ಸೌಟಿನಲ್ಲಿ ಒಮ್ಮೆ ತಿರುವಿ.